ಎತ್ತಿನ ಹಲ್ಲು ನೋಡುವವನಿಗೆ

ಬೆಟಗೇರಿ,
೧೪ ಜೂನ್ ೨೦೨೫, ಶನಿವಾರ

ಪ್ರೀತಿಯ ತಮ್ಮ ಸಿದ್ದಲಿಂಗೇಶ,

‘ಪ್ರೀತಿಯ’ ಎಂದು ಬರೆದದ್ದು ರೂಢಿಗೆ. ಈ ಹೊತ್ತು ನಿನ್ನ ಮೇಲೆ ನನಗಿರುವುದು ಬರೀ ಸಿಟ್ಟು. ಆದರೆ ‘ಸಿಟ್ಟಿನ ತಮ್ಮ’ ಎಂದು ಶುರುವಾಗುವ ಕಾಗದವನ್ನು ನಮ್ಮ ಮನೆತನದಲ್ಲಿ ಯಾರೂ ಬರೆದಿಲ್ಲ, ಆ ಕೀರ್ತಿ ನನಗೆ ಬೇಡ. ಆರಾಮ ಇದ್ದೀಯಾ? ನಿನ್ನ ಹೆಂಡತಿ, ಮಗಳು ಸುಶ್ಮಿತಾ ಆರಾಮ ಇದ್ದಾರೆಯೇ? ಮುಂಡರಗಿ ಕಡೆ ಮಳೆ ಹಿಡಿಯಿತೇ? ಕಟ್ಟಿದ ಹೋರಿಗಳು ಮೇವಿಗೆ ಬಾಯಿ ಹಾಕುತ್ತಿವೆಯೇ? ನಿನ್ನ ಬಾಯಿ ಹೇಗಿದೆ? ಮೊದಲಿನ ಪ್ರಶ್ನೆಗಳಿಗೆ ನೀನು ಉತ್ತರ ಕೊಡದಿದ್ದರೂ ನಡೆದೀತು. ಕೊನೆಯದಕ್ಕೆ ಉತ್ತರ ಬೇಕು. ಅದೊಂದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನನ್ನ ಮಾತು ಯಾರಿಗೂ ತಿಳಿಯುವುದಿಲ್ಲ. ನಿನ್ನ ಹೆಸರೇ ನನ್ನ ಬಾಯಿಂದ ಹೊರಡುವುದಿಲ್ಲ; ಸ, ದ, ಲ ಮೂರೂ ನಾಲಿಗೆಯ ತುದಿ ಕೇಳುವ ಅಕ್ಷರ, ಆ ತುದಿ ಆಸ್ಪತ್ರೆಯಲ್ಲೇ ಉಳಿಯಿತು. ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳಿನ ಚಿತ್ರ ಒಗೆದು ಪಾರಾಗುತ್ತೀ. ಅದಕ್ಕೇ ಈ ಕಾಗದವನ್ನು ಮಹಬೂಬಸಾಬನ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ನಿನ್ನ ಜೊತೆ ಊರೂರಿನ ದನದ ಸಂತೆ ತಿರುಗಿ ದಲಾಲಿ ಮಾಡಿದ ಮನುಷ್ಯ. ಮೊಂಡ ಎತ್ತನ್ನು ಕಂಡವನು, ನಿನ್ನನ್ನೂ ಕಂಡವನು. ನೀನು ಓದಿ ಮುಗಿಸುವವರೆಗೆ ಎದುರಿಗೇ ಕೂಡಬೇಕೆಂದು ಅವನಿಗೆ ಹೇಳಿದ್ದೇನೆ. ಹೇಳಿದ್ದೇನೆ ಅಂದರೆ ಬರೆದು ತೋರಿಸಿದ್ದೇನೆ. ಅವನಿಗೊಂದು ಚಹಾ ತರಿಸು.

ನನ್ನ ಆರೋಗ್ಯ ಹೇಗಿದೆಯೆಂದು ನೀನು ಕೇಳಿಲ್ಲ. ಕೇಳದವನಿಗೂ ಮಾಲು ತೋರಿಸುವುದು ನನ್ನ ಕಸುಬು, ಅದಕ್ಕೆ ಬರೆಯುತ್ತೇನೆ. ದೀಪಾವಳಿ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ಕೊಯ್ದರು. ನಾಲಿಗೆಯ ಎಡಭಾಗ ತುದಿಸಮೇತ ಹೋಯಿತು, ಕೆಳದವಡೆಯ ಒಂದು ತುಂಡು ಹೋಯಿತು, ಕುತ್ತಿಗೆಯ ಗಂಟುಗಳನ್ನೂ ಕಿತ್ತರು. ಹೋದ ನಾಲಿಗೆಯ ಜಾಗಕ್ಕೆ ನನ್ನದೇ ಮುಂಗೈಯ ಚರ್ಮ ತೆಗೆದು ಕೂಡಿಸಿದರು. ನಮ್ಮ ಓಣಿಯ ನೇಕಾರರು ಹರಿದ ಎಳೆಯನ್ನೂ ಅಷ್ಟು ಅಚ್ಚುಕಟ್ಟಾಗಿ ಕೂಡಿಸಲಾರರು. ಆದರೆ ಆ ಚರ್ಮ ಬಾಯಿಗೆ ಹೋದರೂ ಮುಂಗೈಯ ಬುದ್ಧಿ ಬಿಡಲಿಲ್ಲ, ಕೆಲವು ದಿನ ಅದರ ಮೇಲೆ ಕೂದಲು ಬೆಳೆಯಿತು. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ, ನನ್ನದಕ್ಕೆ ಕೂದಲಿತ್ತು. ಆಮೇಲೆ ಕರೆಂಟು ಕೊಟ್ಟರು. ವಿಕಿರಣದ ಚಿಕಿತ್ಸೆಗೆ ಅಲ್ಲಿಯ ರೋಗಿಗಳೆಲ್ಲ ಕರೆಂಟು ಎಂದೇ ಅನ್ನುತ್ತಾರೆ. ಅದಕ್ಕೆ ನಾಲಿಗೆಯ ಕೂದಲೂ ಉದುರಿತು, ಎಡಗಡೆಯ ಮೀಸೆಯೂ ಉದುರಿತು, ಎಂಜಲು ಬತ್ತಿತು, ರುಚಿ ಸತ್ತಿತು. ಮೂಗಿನ ನಳಿಗೆ ತೆಗೆದು ಈಗ ಬಾಯಿಂದಲೇ ಉಣ್ಣುತ್ತೇನೆ: ಗಂಜಿ, ತಿರುವಿದ ಅನ್ನಸಾರು, ಹಾಲಿನಲ್ಲಿ ಕರಗಿದ ರೊಟ್ಟಿ. ನುಂಗುವಾಗ ಕುತ್ತಿಗೆ ವಾಲಿಸಬೇಕು, ಕೋಳಿ ನೀರು ಕುಡಿದಂತೆ. ಬೆಳಿಗ್ಗೆ ಸಂಜೆ ಐಸ್‌ಕ್ರೀಮಿನ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲಿನ ನಡುವೆ ಸಿಕ್ಕಿಸಿಕೊಂಡು ಕೂಡಬೇಕು, ಇಲ್ಲದಿದ್ದರೆ ದವಡೆ ಬಿಗಿಯುತ್ತದೆ. ಮೊನ್ನೆ ಒಂದು ಕಡ್ಡಿ ಹೆಚ್ಚಿಗೆ ಹೋಯಿತೆಂದು ನಿನ್ನ ಅತ್ತಿಗೆ ಅನ್ನಪೂರ್ಣವ್ವ ಹೋಳಿಗೆ ಮಾಡಿದಳು. ಹೋಳಿಗೆಯನ್ನು ಮಿಕ್ಸಿಗೆ ಹಾಕಿದರೆ ಏನಾಗುತ್ತದೋ ಅದಕ್ಕೆ ನಮ್ಮ ಕಡೆ ಇನ್ನೂ ಹೆಸರಿಟ್ಟಿಲ್ಲ. ಚೇತರಿಕೆ ಚೆನ್ನಾಗಿದೆ ಎನ್ನುತ್ತಾರೆ ಡಾಕ್ಟರು. ಮೈಯ ಮಟ್ಟಿಗೆ ಅದು ಖರೆ.

ಉಳಿದದ್ದರ ಸಂಗತಿ ಕೇಳು. ನೋಡಲು ಬರುವ ಜನರಿಂದ ನಾನು ಸೋತುಹೋಗಿದ್ದೇನೆ. ಹೋದದ್ದು ನಾಲಿಗೆ, ಜನ ಕಿವಿಯೂ ಹೋಗಿದೆಯೆಂದು ತಿಳಿದು ಕೂಗಿ ಮಾತಾಡುತ್ತಾರೆ. ಇಲ್ಲವೇ ನನ್ನೆದುರಿಗೇ ಅನ್ನಪೂರ್ಣವ್ವನನ್ನು ಕೇಳುತ್ತಾರೆ, ‘ಏನ್ ತಿಂತಾರ್ರೀ ಈಗ? ರಾತ್ರಿ ನಿದ್ದಿ ಮಾಡ್ತಾರ?’ ಎಂದು. ನಿನ್ನ ಕೊಟ್ಟಿಗೆಗೆ ಬಂದವರು ಎತ್ತಿನ ಬಗ್ಗೆ ನಿನ್ನನ್ನು ಕೇಳುವ ಹಾಗೆ. ಚಳಿಗಾಲದಲ್ಲಿ ಹಿರೇಹಂದಿಗೋಳದಿಂದ ಲಕ್ಷ್ಮಪ್ಪ ಬಂದಿದ್ದ. ಗೊತ್ತಲ್ಲ, ನಮ್ಮ ಸೋದರತ್ತೆಯ ಅಳಿಯ. ಹಣೆಬರಹದ ಬಗ್ಗೆ ಬಹಳ ಹೊತ್ತು ಮಾತಾಡಿದ, ಕಣ್ಣೊರೆಸಿಕೊಂಡ. ಆಮೇಲೆ ದುಃಖ ತಡೆಯಲಾರದೆ ಕಿಸೆಯಿಂದ ಗುಟ್ಕಾ ಚೀಟಿ ತೆಗೆದು, ನನ್ನ ಮಂಚದ ಮೇಲೆಯೇ ಕೂತು, ಹಲ್ಲಿನಿಂದ ಹರಿದು ಬಾಯಿಗೆ ಸುರುವಿಕೊಂಡ. ಸ್ವಲ್ಪ ಹೊತ್ತಿಗೆ ‘ಇದನ್ನ ಎಲ್ಲಿ ಉಗುಳ್ಲಿ ಅಕ್ಕಾರ?’ ಎಂದು ತುಂಬಿದ ಬಾಯಿಂದ ಕೇಳಿದ. ಆಗ ನನ್ನ ಬಾಯಿಂದ ಸೋರುವುದಕ್ಕೆ ಮಗ್ಗುಲಲ್ಲೊಂದು ಬಟ್ಟಲು ಇಡುತ್ತಿದ್ದರು. ಅದನ್ನೇ ಎತ್ತಿ ಅವನ ಗದ್ದದ ಕೆಳಗೆ ಹಿಡಿದೆ. ಅವನು ಬಟ್ಟಲೊಳಗೆ ನೋಡಿದ, ನನ್ನ ಮುಖ ನೋಡಿದ, ಬಾಯೊಳಗಿನದನ್ನು ನುಂಗಿ ಎದ್ದು ಹೋದ. ಹಿರೇಹಂದಿಗೋಳದವರು ಈಗ ನನ್ನನ್ನು ಸೊಕ್ಕಿನವನು ಅನ್ನುತ್ತಾರಂತೆ. ಅನ್ನಪೂರ್ಣವ್ವ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಾಳೆ: ‘ನಾಲಿಗಿ ಅಷ್ಟ ಕೊಯ್ದಾರ್ರೀ, ಸಿಟ್ಟು ಕೊಯ್ದಿಲ್ಲ.’

ಇನ್ನು ಗದಗದ ಎಪಿಎಂಸಿ ಯಾರ್ಡಿನ ಕಥೆ. ನಾನು ಅಲ್ಲಿ ಹೊಕ್ಕದ್ದು ಚೀಲದ ಬಾಯಿ ಹೊಲಿಯುವವನಾಗಿ. ಸೂಜಿ, ಸುತಳಿ ಬಿಟ್ಟರೆ ಕೈಯಲ್ಲಿ ಏನೂ ಇರಲಿಲ್ಲ. ದಲಾಲಿಯ ಅಡತಿ ಅಂಗಡಿ ಇಟ್ಟದ್ದು ನಾಲಿಗೆಯ ಬಲದಿಂದ. ಮೆಣಸಿನಕಾಯಿ ಹರಾಜಿನ ಸವಾಲು ಕೂಗಲು ನಿಂತರೆ ಆಚೆ ಸಾಲಿನ ಖರೀದಿದಾರರೂ ಎದ್ದು ಬರುತ್ತಿದ್ದರು; ಬಣ್ಣ ಹೊಗಳಿ, ಘಾಟು ಹೊಗಳಿ, ಕೊಳ್ಳದವನ ಅಪ್ಪನನ್ನು ನೆನೆದು, ಕೊಳ್ಳುವವನ ಮೀಸೆ ತಿರುವಿ ಬೆಲೆ ಏರಿಸುತ್ತಿದ್ದೆ. ಯುಗಾದಿ ಆದಮೇಲೆ ಮೊದಲ ಸಲ ಅಲ್ಲಿ ಕಾಲಿಟ್ಟಾಗ ಅವರೆಲ್ಲ ಸೇರಿ ಏನು ಮಾಡಿದರು ಗೊತ್ತೇ? ಕುರ್ಚಿ ಹಾಕಿ ಕೂಡ್ರಿಸಿ, ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡಿದರು. ಎಂಥ ದನಿ ಇತ್ತು, ಎಂಥ ಮನುಷ್ಯ ಇದ್ದ ಎಂದು ಒಬ್ಬೊಬ್ಬರೂ ಭಾಷಣ ಮಾಡಿದರು. ಇದ್ದ. ಎದುರಿಗೆ ಕೂತವನ ಬಗ್ಗೆ. ದೀಪ ಹಚ್ಚಿ ಪಟಕ್ಕೆ ಹಾರ ಹಾಕುವುದೊಂದು ಬಾಕಿಯಿತ್ತು. ಮರುದಿನ ಆ ಶಾಲನ್ನು ಯಾರ್ಡಿಗೇ ಒಯ್ದು ಎಲ್ಲರೂ ನೋಡುವ ಹಾಗೆ ಅದರಿಂದ ನನ್ನ ಅಂಗಡಿಯ ತಕ್ಕಡಿ ಒರೆಸಿದೆ. ಅಂದಿನಿಂದ ದಿನಾ ಹೋಗುತ್ತೇನೆ. ಸವಾಲು ಬೇರೆಯವನು ಕೂಗುತ್ತಾನೆ, ಮಾಲು ನಾನು ಕೈಯಲ್ಲಿ ಹಿಡಿದು ನೋಡುತ್ತೇನೆ. ಅವನು ತಪ್ಪು ಬೆಲೆಗೆ ಬಿಟ್ಟರೆ ತಕ್ಕಡಿಗೆ ಕೋಲಿನಿಂದ ಬಡಿಯುತ್ತೇನೆ. ಇತ್ತೀಚೆಗೆ ಆ ಸದ್ದಿಗೂ ಜನ ಎದ್ದು ಬರುತ್ತಾರೆ.

ಮನೆಯ ಒಂದು ಮಾತು ಬರೆಯಬೇಕು, ಇದು ನಿನ್ನಲ್ಲೇ ಇರಲಿ. ನಾಕೈದು ತಿಂಗಳು ಅನ್ನಪೂರ್ಣವ್ವ ಊಟ ಮಾಡುವುದನ್ನು ನಾನು ನೋಡಿರಲಿಲ್ಲ. ‘ನಂದ ಆತು, ನೀವು ಉಣ್ರಿ’ ಅನ್ನುತ್ತಿದ್ದಳು. ಒಂದು ಮಧ್ಯಾಹ್ನ ನೀರಿಗೆಂದು ಅಡುಗೆಮನೆಗೆ ಹೋದರೆ ಗೋಡೆಗೆ ಮುಖ ಮಾಡಿ ಕೂತು ಖಡಕ್ ರೊಟ್ಟಿಯನ್ನು ಸೆರಗಿನೊಳಗೆ ಹಿಡಿದು ಮುರಿಯುತ್ತಿದ್ದಾಳೆ, ಸದ್ದು ನನಗೆ ಕೇಳಿಸಬಾರದೆಂದು. ಅಷ್ಟು ಸಿಟ್ಟು ನನಗೆ ಲಕ್ಷ್ಮಪ್ಪನ ಮೇಲೂ ಬಂದಿರಲಿಲ್ಲ. ತಟ್ಟೆ ಕಸಿದುಕೊಂಡು ಪಡಸಾಲೆಗೆ ತಂದಿಟ್ಟೆ, ಅವಳನ್ನು ಎದುರಿಗೆ ಕೂಡ್ರಿಸಿದೆ, ರೊಟ್ಟಿ ಕೈಯಲ್ಲಿ ಕೊಟ್ಟು ಮುರಿ ಎಂದು ಸನ್ನೆ ಮಾಡಿದೆ. ಅಳುತ್ತ ಮುರಿದಳು, ಅಳುತ್ತ ತಿಂದಳು, ಬದನೆಕಾಯಿ ಪಲ್ಯ ಕಣ್ಣೀರಿನಲ್ಲಿ ಉಪ್ಪಾಯಿತೆಂದು ನನ್ನನ್ನೇ ಬೈದಳು. ಈಗ ದಿನಾ ಎದುರಿಗೆ ಕೂತು ಕಟಕಟ ತಿನ್ನುತ್ತಾಳೆ. ಆ ಸದ್ದು ನನಗೆ ಬೇಕು. ಅದನ್ನು ಕೇಳುತ್ತ ಗಂಜಿ ನುಂಗುತ್ತೇನೆ. ಇದನ್ನು ಯಾಕೆ ಬರೆದೆ ಅಂದರೆ, ನನಗಾಗಿ ಮರೆಯಲ್ಲಿ ಉಣ್ಣುವವರು ಯಾರೆಂದು ನಾನು ಬಲ್ಲೆ; ನೀನು ಆ ಸಾಲಿನಲ್ಲಿ ಕೂಡಬೇಡ.

ನಿನ್ನ ವಿಷಯಕ್ಕೆ ಬಂದೆ. ಸಂಬಂಧವಿಲ್ಲದವರೂ ಬಂದು ನನ್ನ ಸೊಟ್ಟ ಮುಖ ನೋಡಿ ಹೋದರು. ಒಡಹುಟ್ಟಿದ ನೀನು ಆಸ್ಪತ್ರೆಯ ಬಾಗಿಲತನಕ ಬಂದು, ಕಾವಲಿನವನ ಕೈಯಲ್ಲಿ ಒಂದು ಚೀಲ ಕೊಟ್ಟು ತಿರುಗಿ ಹೋದೆ. ಚೀಲದಲ್ಲಿ ಮೋಸಂಬಿ. ಬಾಯಿ ಕೊಯ್ಸಿಕೊಂಡವನಿಗೆ ಮೋಸಂಬಿ. ಅದನ್ನು ಪಕ್ಕದ ಮಂಚದವನ ಮಕ್ಕಳು ತಿಂದರು, ನಿನಗೆ ಪುಣ್ಯ ಬಂದಿರಬೇಕು. ಆಮೇಲೆ ಗದಗಿಗೆ ಎಷ್ಟು ಸಲ ಬಂದುಹೋದೆಯೋ, ಬೆಟಗೇರಿಗೆ ಒಮ್ಮೆಯೂ ಕಾಲಿಡಲಿಲ್ಲ. ತಮ್ಮನ ಮನಸ್ಸು ಮೆತ್ತಗೆ, ಅಣ್ಣನನ್ನು ಈ ಸ್ಥಿತಿಯಲ್ಲಿ ನೋಡಲಾರ ಎಂದು ಅನ್ನಪೂರ್ಣವ್ವ ನಿನ್ನ ಪರ ವಕಾಲತ್ತು ಮಾಡಿದಳು. ನಾನೂ ಒಪ್ಪಿದ್ದೆ.

ಬಸವ ಜಯಂತಿಗೆ ಸುಶ್ಮಿತಾ ತನ್ನವ್ವನ ಜೊತೆ ಬಂದಳು. ನಿನ್ನ ಮಗಳಿಗೆ ಎಷ್ಟು ಹೆಮ್ಮೆ ನಿನ್ನ ಮೇಲೆ. ಕೂತವಳೇ ಹೇಳಿದಳು: ‘ದೊಡ್ಡಪ್ಪಾ, ನೀ ಮತ್ತ ಮಿರ್ಚಿ ತಿನ್ನೂತನಾ ಅಪ್ಪ ಖಾರ ಮುಟ್ಟೂದಿಲ್ಲಂತ. ಹರಕಿ ಹೊತ್ತಾನ.’ ನಿನ್ನ ಹೆಂಡತಿ ತಲೆದೂಗಿದಳು. ಮಠದಲ್ಲಿ ಅಜ್ಜಾರೂ ಮೆಚ್ಚಿದರಂತೆ, ಓಣಿಯ ಹೆಂಗಸರು ತಮ್ಮ ಗಂಡಂದಿರಿಗೆ ನಿನ್ನನ್ನು ತೋರಿಸಿ ಹಂಗಿಸುತ್ತಾರಂತೆ. ನೀನು ಯಾರು? ಗಿರ್ಮಿಟ್ಟಿನ ಜೊತೆ ಎಲ್ಲರೂ ಒಂದು ಮಿರ್ಚಿ ಭಜಿ ಕಡಿದು ಕಣ್ಣೊರೆಸಿಕೊಳ್ಳುವಾಗ ತಟ್ಟೆ ಖಾಲಿ ಮಾಡಿ ಇನ್ನೊಂದು ತಟ್ಟೆ ತರಿಸುವವನು. ಅಂಥವನು ನನಗಾಗಿ ಖಾರ ಬಿಟ್ಟ ಎಂದರೆ ನನ್ನ ಕಣ್ಣಲ್ಲಿ ನೀರು ಬಂತು. ಖರೆ ಬಂತು. ಅನ್ನಪೂರ್ಣವ್ವ ದೇವರ ಮುಂದೆ ದೀಪ ಹಚ್ಚಿದಳು. ಸುಶ್ಮಿತಾ ಖುಷಿಯಲ್ಲಿ ಮತ್ತಷ್ಟು ಹೇಳುತ್ತ ಹೋದಳು: ಅಪ್ಪ ಈಗ ರೊಟ್ಟಿಯನ್ನೂ ಹಾಲಿನಲ್ಲಿ ನೆನೆಸಿಯೇ ಉಣ್ಣುತ್ತಾನೆ, ಚಹಾವನ್ನು ಬಸಿಗೆ ಹಾಕಿ ಪೂರ್ತಿ ಆರಿಸಿ ಕುಡಿಯುತ್ತಾನೆ, ಅಷ್ಟು ಸಾದಾ ಆಗಿದ್ದಾನೆ.

ನನ್ನ ಕಣ್ಣೀರು ಅಲ್ಲೇ ನಿಂತಿತು.

ಯಾಕೆಂದರೆ ನನಗೂ ಹಾಗೆಯೇ ಶುರುವಾಗಿತ್ತು ಸಿದ್ದಲಿಂಗೇಶ. ಮೊದಲು ಖಾರ ಉರಿಯಿತು. ಪಿತ್ತ ಎಂದು ನಂಬಿದೆ, ಜೀರಿಗೆ ನೀರು ಕುಡಿದೆ. ಆಮೇಲೆ ಬಿಸಿ ಉರಿಯಿತು. ಆಮೇಲೆ ರೊಟ್ಟಿಯ ಅಂಚು ಗೀರಿತು. ಹರಕೆ ಹೊತ್ತವನು ಖಾರ ಬಿಡುತ್ತಾನೆ ಒಪ್ಪಿದೆ, ಆದರೆ ಚಹಾದ ಬಿಸಿ ಬಿಡು ಎಂದು ಯಾವ ದೇವರು ಕೇಳುತ್ತಾನೆ?

ಅದಕ್ಕೇ ಕಳೆದ ಸಂತೆಯ ದಿನ ಮಹಬೂಬಸಾಬನ ಜೊತೆ ಬಸ್ಸು ಹತ್ತಿ ಮುಂಡರಗಿಗೆ ಬಂದದ್ದು. ಹೋರಿ ಕೊಳ್ಳಲು ಬಂದೆನೆಂದು ನೀನು ತಿಳಿದಿರಬಹುದು. ನಾನು ಕಂಡಾಗ ನೀನು ಒಂದು ಹೋರಿಯ ತುಟಿ ಎತ್ತಿ, ನಾಲಿಗೆಯನ್ನು ಒತ್ತಿ ಪಕ್ಕಕ್ಕೆ ಸರಿಸಿ ಹಲ್ಲು ನೋಡುತ್ತಿದ್ದೆ. ಮಾರುವವನು ಇನ್ನೂ ಎಳೆಯದು ಎಂದು ಬಸವಣ್ಣನ ಆಣೆ ಹಾಕುತ್ತಿದ್ದ. ನೀನು ಕೈ ತೆಗೆಯದೆ ಅವನಿಗೆ ಅಂದದ್ದು ನನಗೆ ಕೇಳಿಸಿತು: ‘ನಿನ್ನ ಬಾಯಿ ಹೇಳೂದು ಬ್ಯಾಡೋ ಮಾರಾಯಾ, ಇದರ ಬಾಯಿ ಹೇಳ್ಲಿ.’ ಸುತ್ತಲಿನವರು ನಕ್ಕರು. ನನ್ನನ್ನು ಕಂಡ ಕೂಡಲೇ ನಿನ್ನ ಮುಖ ಇಳಿಯಿತು, ಆಮೇಲೆ ಜೋರಾಗಿ ಮಾತಾಡಲು ಹತ್ತಿದೆ, ನನ್ನೊಂದಿಗಲ್ಲ, ಉಳಿದ ಎಲ್ಲರೊಂದಿಗೆ. ನನ್ನನ್ನು ಚಹಾದ ಅಂಗಡಿಗೆ ಕರೆದೊಯ್ದೆ. ಮಿರ್ಚಿ ಬಂತು, ನೀನು ಕೈ ಮುಗಿದೆ. ಅಂಗಡಿಯವನು ‘ಅಣ್ಣನ ಸಲುವಾಗಿ ಖಾರ ಬಿಟ್ಟ ತಮ್ಮ ಈಗಿನ ಕಾಲದಾಗ ಎಲ್ಲಿ ಸಿಗ್ತಾನ್ರಿ’ ಎಂದು ನನಗೆ ಕೇಳಿಸಲೆಂದು ಕೂಗಿ ಹೇಳಿದ. ನೀನು ತಲೆ ತಗ್ಗಿಸಿದೆ. ನಂತರ ಚಕ್ಕಡಿಯ ಮರೆಗೆ ಹೋಗಿ ಚೀಟಿ ಹರಿದು ಬಾಯಿಗೆ ಹಾಕಿಕೊಂಡು ಬಂದೆ. ಖಾರ ಬಿಟ್ಟವನು ಗುಟ್ಕಾ ಬಿಟ್ಟಿಲ್ಲ. ದೇವರು ಅಷ್ಟು ದಡ್ಡನೆಂದು ತಿಳಿದೆಯಾ? ಹೋಗಲಿ, ಅಣ್ಣ ದಡ್ಡನೆಂದು ತಿಳಿದೆಯಾ?

ಆಗ ನಾನು ನಿನ್ನ ಹೆಗಲ ಮೇಲಿನ ಟವೆಲ್ ಎಳೆದು ನಿನ್ನ ಕೈ ಮೇಲೆ ಹಾಕಿದೆ. ನೆನಪಿದೆಯೇ, ಕೂಗಿ ಬೆಲೆ ಹೇಳುವವನು ನಾನು, ಮುಚ್ಚಿ ಬೆಲೆ ಹೇಳುವವನು ನೀನು ಎಂದು ಅಪ್ಪ ನಗುತ್ತಿದ್ದ. ನನ್ನ ಕಸುಬು ಹೋದಮೇಲೆ ನಿನ್ನದನ್ನು ಸಾಲ ಪಡೆದೆ. ನೀವು ದನದವರು ನಾಕು ಜನರ ನಡುವೆ ನಿಂತು, ಟವೆಲ್ ಕೆಳಗೆ ಬೆರಳು ಒತ್ತಿ, ಪಕ್ಕದವನಿಗೂ ತಿಳಿಯದ ಹಾಗೆ ವ್ಯವಹಾರ ಮುಗಿಸುತ್ತೀರಿ. ನಾನು ನಿನ್ನ ಮೂರು ಬೆರಳು ಹಿಡಿದು ಒತ್ತಿದೆ. ನೀನು ಟವೆಲ್ ಎಳೆದು ತೆಗೆದು ಎಲ್ಲರಿಗೂ ಕೇಳುವಂತೆ ಅಂದೆ: ‘ಮೂರಕ್ಕ ಕರಾನೂ ಬರೂದಿಲ್ಲೋ ಅಣ್ಣಾ.’ ಇಡೀ ಅಂಗಡಿ ನಕ್ಕಿತು. ನೀನೂ ನಕ್ಕೆ, ಬಾಯಿಗೆ ಕೈ ಅಡ್ಡ ಹಿಡಿದು, ತುಟಿ ಬಿಚ್ಚದೆ. ಆಕಳಿಸಿದರೆ ಗಂಟಲು ಕಾಣುವಂತೆ ಬಾಯಿ ತೆರೆಯುತ್ತಿದ್ದ ಹುಡುಗ ನೀನು. ನಾನು ಎದ್ದು ಬಸ್‌ಸ್ಟ್ಯಾಂಡಿಗೆ ಹೋದೆ. ಸಿಟ್ಟಿನಿಂದ ಹೋದೆನೆಂದು ನೀನು ತಿಳಿದಿದ್ದರೆ ಅದು ಸರಿ. ನಾನು ಯಾವ ಹೋರಿಗೂ ಬೆಲೆ ಕಟ್ಟಿರಲಿಲ್ಲ.

ನೀನು ನನ್ನ ಮುಖ ನೋಡಲಾರದೆ ದೂರ ಉಳಿದೆ ಎಂದು ನಂಬಿದ್ದೆ. ಈಗ ತಿಳಿಯಿತು, ನಾನು ನಿನ್ನ ಬಾಯಿ ನೋಡಿಬಿಡುತ್ತೇನೆಂಬ ಹೆದರಿಕೆ ನಿನ್ನದು. ನನ್ನ ರೋಗದ ಹೆಸರಿನಲ್ಲಿ ನಿನ್ನ ರೋಗ ಮುಚ್ಚಿಟ್ಟುಕೊಂಡಿದ್ದೀ. ನನ್ನ ಹೆಸರಿನಲ್ಲಿ ದೀಪ ಹಚ್ಚಿಸಿಕೊಂಡಿದ್ದೀ. ನನ್ನ ಸಿಟ್ಟು ಇದರ ಮೇಲೆ. ಮೋಸಂಬಿಯನ್ನು ಎಂದೋ ಮಾಫಿ ಮಾಡಿದ್ದೇನೆ. ಊರ ಎತ್ತುಗಳ ಬಾಯಿ ತೆರೆಸಿ ನೋಡುವವನು ನೀನು, ನಿನ್ನ ಬಾಯಿಯ ಬಗ್ಗೆ ಮಾತ್ರ ನಿನ್ನ ಬಾಯಿ ಹೇಳಿದ್ದನ್ನು ಎಲ್ಲರೂ ನಂಬಬೇಕೇ?

ಇಲ್ಲಿಗೆ ನಿಲ್ಲಿಸುತ್ತೇನೆ, ಮುಂಗೈ ಚರ್ಮ ತೆಗೆದ ಕಡೆ ಬಹಳ ಹೊತ್ತು ಬರೆದರೆ ಜುಮುಗುಡುತ್ತದೆ. ನಾನು ಎಡಗೈಯವನೆಂದು ಹೇಳಿದರೂ ಡಾಕ್ಟರು ಎಡಗೈಯದೇ ಚೆನ್ನಾಗಿದೆ ಎಂದು ತೆಗೆದರು, ಅವರ ಮೇಲೂ ಒಂದಿಷ್ಟು ಸಿಟ್ಟಿದೆ. ನಿನ್ನ ಹೆಂಡತಿಗೆ ಅನ್ನಪೂರ್ಣವ್ವ ಕೇಳಿದ್ದಾಳೆಂದು ತಿಳಿಸು. ಸುಶ್ಮಿತಾಳಿಗೆ ದೊಡ್ಡಪ್ಪನ ಆಶೀರ್ವಾದ. ಹೇಳಿದಳೆಂದು ಆ ಹುಡುಗಿಯ ಮೇಲೆ ಹರಿಹಾಯಬೇಡ, ಅವಳು ನಿನ್ನನ್ನು ಹೊಗಳಲು ಬಂದಿದ್ದಳು. ಹೋರಿಗಳ ಮೈ ತಡವು. ನಿನಗೂ ಒಳ್ಳೆಯದಾಗಲಿ, ಬೈದುಕೊಂಡೇ ಹೇಳುತ್ತಿದ್ದೇನೆ.

ನಿನ್ನ ಅಣ್ಣ,
ಅಂದಪ್ಪ

ತಾ.ಕ.: ಮಹಬೂಬಸಾಬ ಚಪ್ಪಲಿ ಹಾಕಿಕೊಂಡು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ಮೂರು ಬೆರಳಿನ ಅರ್ಥ ಇದು. ನನಗೆ ಮಾತು ಕಲಿಸುವ ಆಸ್ಪತ್ರೆಯ ಹುಡುಗಿ ಹೇಳಿಕೊಟ್ಟದ್ದು: ನೆಟ್ಟಗಿರುವ ಬಾಯಿಯಲ್ಲಿ ಅವರವರ ಮೂರು ಬೆರಳು ಒಂದರ ಮೇಲೊಂದಾಗಿ, ಹಲ್ಲಿನ ನಡುವೆ ನೆಟ್ಟಗೆ ಹೋಗಬೇಕು. ಕಾಗದ ಮಡಚಿಟ್ಟು, ಬಾಯಿ ತೊಳೆದು, ಈಗಲೇ ಹಾಕಿ ನೋಡು. ಮೂರೂ ಹೋದರೆ ಹರಕೆ ಖರೆ ಎಂದು ಒಪ್ಪಿ ಅದೇ ಚಹಾದ ಅಂಗಡಿಗೆ ಬಂದು ಎಲ್ಲರೆದುರು ನಿನ್ನ ಕ್ಷಮೆ ಕೇಳುತ್ತೇನೆ, ಬಾಯಿಂದಲೇ, ತಿಳಿದಷ್ಟು ತಿಳಿಯಲಿ. ಆದರೂ ಉರಿಯುವ ಬಾಯಿಯನ್ನು ಡಾಕ್ಟರಿಗೆ ಒಮ್ಮೆ ತೋರಿಸು. ಮೂರು ಹೋಗದಿದ್ದರೆ ಗುರುವಾರ ನನ್ನ ತಪಾಸಣೆ ಇದೆ, ನಿನ್ನ ಹೆಸರನ್ನೂ ಬರೆಸಿದ್ದೇನೆ. ಜಲ್ದಿ ಬಂದವರಿಗೆ ಕತ್ತರಿ ಬೇಕಾಗದೆಯೂ ಹೋಗಬಹುದು ಎಂದಿದ್ದಾರೆ. ಎಲ್ಲರಿಗೂ ನನ್ನ ಹಾಗೆ ಆಗುವುದಿಲ್ಲ. ಉತ್ತರ ಬರೆಯಬೇಡ, ಮನೆಯಲ್ಲಿ ಯಾರಾದರೂ ಓದಿಯಾರು. ಟವೆಲ್ ಕೆಳಗೆ ಮಹಬೂಬಸಾಬನ ಕೈ ಹಿಡಿದು ಎಷ್ಟು ಹೋದವೋ ಅಷ್ಟು ಬೆರಳು ಒತ್ತು. ಅವನು ಇಲ್ಲಿ ಬಂದು ನನ್ನ ಕೈಯಲ್ಲಿ ಅಷ್ಟೇ ಒತ್ತುತ್ತಾನೆ. ಬಾಯಿಂದ ಎಷ್ಟಾದರೂ ಸುಳ್ಳು ಹೇಳು ಸಿದ್ದಲಿಂಗೇಶ, ಟವೆಲ್ ಕೆಳಗೆ ನೀನು ಇದುವರೆಗೆ ಯಾರಿಗೂ ಸುಳ್ಳು ಒತ್ತಿದವನಲ್ಲ.